ನಿಲ್ಲದ ರೈಲಿಗೊಂದು ಬುತ್ತಿ

ಹುಬ್ಬಳ್ಳಿಯಿಂದ ಹೊರಟ ರೈಲು ಬಾಣದಂತೆ ಓಡುತ್ತಿತ್ತು. ಪಕ್ಕದ ಹಳಿಯ ಮೇಲೆ ಒಂಟಿ ಬೋಗಿಯೊಂದು ಹಿಂದಿನಿಂದ ಬಂದು, ಜೊತೆ ಹಿಡಿದು, ರೈಲಿನ ಮಗ್ಗುಲಿಗೆ ಅಂಟಿಕೊಂಡಿತು. ಬಾಗಿಲುಗಳು ತೆರೆದವು. ಅಜ್ಜಿಯೊಬ್ಬಳು ಪಡಸಾಲೆಯಿಂದ ಅಡುಗೆಮನೆಗೆ ಹೋದಷ್ಟು ಸಲೀಸಾಗಿ ಈಚೆ ದಾಟಿದಳು. ಇಳಿಯುವವರು ಆಚೆ ಹೋದರು. ಬೋಗಿ ಕಳಚಿಕೊಂಡು, ವೇಗ ತಗ್ಗಿಸಿ, ಮುಂದಿನ ಸ್ಟೇಷನ್ನಿನ ಕಡೆ ತಿರುಗಿತು. ರೈಲು ಮಾತ್ರ ಎಲ್ಲಿಯೂ ನಿಲ್ಲಲಿಲ್ಲ.

ಇದರ ಹೆಸರು ಕೊಂಡಿಬೋಗಿ. ಎರಡು ಬಂಡಿಗಳು ಒಂದೇ ವೇಗದಲ್ಲಿ ಜೋಡಿಯಾಗಿ ಓಡಿದರೆ ಒಂದಕ್ಕೊಂದು ನಿಂತಂತೆಯೇ ಲೆಕ್ಕ, ವಿಜ್ಞಾನ ಇಷ್ಟೇ. ಅವೆರಡೂ ಕೂದಲೆಳೆಯಷ್ಟೂ ಅಲುಗದಂತೆ ಹಿಡಿದಿಡುವ ಅಯಸ್ಕಾಂತವನ್ನು ಕಟ್ಟುವುದೇ ಕಷ್ಟವಾಗಿತ್ತು. ಅದನ್ನು ಕಟ್ಟಿದವನು ಶಶಿಧರ ಹೂಗಾರ. ಇವತ್ತು ಮೊದಲ ಓಟ, ಅವನೂ ರೈಲಿನಲ್ಲಿದ್ದ. ಬಂದವರೆಲ್ಲ ಅವನ ಕೈ ಕುಲುಕಿ ಹೋಗುತ್ತಿದ್ದರು. ಪುಣ್ಯಾತ್ಮನ ಮುಖದಲ್ಲಿ ಮಾತ್ರ ಕಳೆಯಿರಲಿಲ್ಲ. ಮುಂದೆ ಬರುವುದು ಹಿರೇಮುತ್ತಲ, ಅವನ ಅಕ್ಕ ದಾಕ್ಷಾಯಣಿಯ ಊರು.

ಅಪ್ಪನ ಹೊಲದ ಪಾಲಿನ ಜಗಳದಲ್ಲಿ ಅಕ್ಕನ ಗಂಡ ಆಣೆ ಹಾಕಿಸಿದ್ದ: ತಮ್ಮ ನಮ್ಮ ಹೊಸ್ತಿಲು ತುಳಿಯಬಾರದು, ನೀನೂ ಅವನ ಹೊಸ್ತಿಲು ತುಳಿಯಬಾರದು. ಆಣೆ ಎಂದರೆ ಆಣೆ. ಆದರೆ ಪ್ಲಾಟ್‌ಫಾರ್ಮ್ ಯಾರ ಮನೆಯ ಹೊಸ್ತಿಲೂ ಅಲ್ಲವಲ್ಲ! ಶಶಿಧರ ಆ ದಾರಿಯಲ್ಲಿ ಹೋದಾಗಲೆಲ್ಲ ಅಕ್ಕ ಬುತ್ತಿ ಕಟ್ಟಿಕೊಂಡು ಬಂದು ನಿಲ್ಲುವಳು. ರೈಲು ನಿಲ್ಲುತ್ತಿದ್ದ ಎರಡು ನಿಮಿಷದಲ್ಲಿ ಕಿಟಕಿಯಿಂದ ಗಂಟು ಒಳಗೆ ಬರುವುದು, ಅಕ್ಕನ ಕೈ ಅವನ ಗಲ್ಲ ಸವರುವುದು. ಅಷ್ಟೇ ಅವರ ತವರು.

ಹೊಸ ಮಾರ್ಗ ರೂಪಿಸುವಾಗ ಆ ಎರಡು ನಿಮಿಷಕ್ಕೆ 'ವ್ಯರ್ಥ ಕಾಲ' ಎಂದು ಹೆಸರಿಟ್ಟವನು ಶಶಿಧರನೇ. ಯಂತ್ರಗಳು ಹತ್ತುವವರನ್ನೂ ಇಳಿಯುವವರನ್ನೂ ಎಣಿಸಿದ್ದವು. "ಸರ್, ಕಿಟಕಿ ಹತ್ತಿರ ನಿಂತು ಮಾತಾಡೋರು ಭಾಳ ಮಂದಿ ಅದಾರ್ರಿ. ಅವರನ್ನೇನು ಮಾಡೋದು?" ಎಂದು ಸಹಾಯಕಿ ಕೇಳಿದ್ದಳು. "ಅವರು ಪ್ರಯಾಣಿಕರಲ್ಲ, ತಗದುಬಿಡು" ಎಂದಿದ್ದ. ಆ ಮಂದಿಯಲ್ಲಿ ಅಕ್ಕನೂ ಇದ್ದಾಳೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ಹಿಂದಿನ ದಿನ ಅಕ್ಕನಿಗೆ ಫೋನು ಮಾಡಿ, ಟಿಕೆಟ್ ತೆಗೆದು ಕೊಂಡಿಬೋಗಿಯಲ್ಲಿ ಬಂದು ನನ್ನನ್ನು ನೋಡಿಹೋಗು ಎಂದಿದ್ದ. "ಮುಂದಿನ ಸ್ಟೇಷನ್ ತನಕ ಹೋಗಿ ಬರೋದು ಹ್ಯಾಂಗ ಆಗ್ತದಪಾ? ನಿಮ್ಮ ಮಾಮಾ ಹಾಸಿಗಿ ಹಿಡದಾರ. ಬುತ್ತಿ ಅಂತೂ ಕೊಟ್ಟ ಕೊಡ್ತೀನಿ, ನೀ ಚಿಂತಿ ಮಾಡಬ್ಯಾಡ" ಎಂದಿದ್ದಳು ಅಕ್ಕ.

ಹಿರೇಮುತ್ತಲದ ಬೋಗಿ ಬಂದು ಅಂಟಿಕೊಂಡಿತು. ಬಾಗಿಲು ತೆರೆದರೆ, ಒಳಗೆ ಜನರಿಗಿಂತ ಗಂಟುಗಳೇ ಹೆಚ್ಚು! ಊರಿನವರು ಟಿಕೆಟ್ ತೆಗೆದುಕೊಂಡು ಬೋಗಿ ಹತ್ತಿ, ರೈಲಿನಲ್ಲಿರುವ ತಮ್ಮವರಿಗೆಂದು ಸೀಟಿನ ಮೇಲೆ ಬುತ್ತಿ ಇಟ್ಟು, ಇಳಿದುಹೋಗಿದ್ದರು. ಕೆಂಪು ದೀಪ ಮಿನುಗತೊಡಗಿತು. ಕಾವಲಿನ ಹುಡುಗಿ ಫೌಜಿಯಾ ಅಡ್ಡ ನಿಂತಳು.

"ವಾರಸುದಾರರಿಲ್ಲದ ಸಾಮಾನು, ಸರ್. ಮುಂದಿನ ಸ್ಟೇಷನ್ನಿಗೆ ಒಯ್ದು ಸುಡಬೇಕು."

ನೀಲಿ ಚೌಕಳಿಯ ಗಂಟನ್ನು ಶಶಿಧರ ಗುರುತು ಹಿಡಿದ. ಅವ್ವನ ಹಳೇ ಸೀರೆಯ ತುಂಡು ಅದು.

"ಅದು ನಂದವಾ."

"ನೀವು ಹುಬ್ಬಳ್ಳಿಯೊಳಗ ಹತ್ತೀರಿ. ಗಂಟು ಹಿರೇಮುತ್ತಲದಾಗ ಹತ್ತೇತಿ. ನಿಯಮ ನೀವ ಮಾಡಿದ್ದಲ್ಲೇನ್ರಿ, ಸರ್?"

ಅವಳ ದನಿಯಲ್ಲಿ ಕುಹಕವಿರಲಿಲ್ಲ, ಮರುಕವಿತ್ತು. ಬಾಗಿಲು ಮುಚ್ಚುವ ಗಂಟೆ ಬಡಿಯಿತು. ಶಶಿಧರ ಹಿಂದೆಮುಂದೆ ನೋಡಲಿಲ್ಲ, ಬೋಗಿಯೊಳಕ್ಕೆ ದಾಟಿ ಗಂಟನ್ನು ಎದೆಗವಚಿಕೊಂಡು ಕೂತ. ಮುಂದಿನ ಸ್ಟೇಷನ್ನಿನಲ್ಲಿ ಉಕ್ಕಿನ ಕೈಯೊಂದು ಉಳಿದ ಗಂಟುಗಳನ್ನು ಒಂದೊಂದಾಗಿ ಎತ್ತಿ ಸುಡುವ ಪೆಟ್ಟಿಗೆಗೆ ಹಾಕಿತು. ಅವುಗಳ ವಾರಸುದಾರರು ರೈಲಿನಲ್ಲೇ ಇದ್ದರು. ಅವರಿಗೆ ಸುದ್ದಿಯೂ ತಿಳಿಯಲಿಲ್ಲ. ಶಶಿಧರ ತಲೆ ತಗ್ಗಿಸಿಕೊಂಡು ಇಳಿದ.

ಇನ್ನೊಂದು ಬೋಗಿ ಹಿಡಿದು ಅವನು ಹಿರೇಮುತ್ತಲ ಮುಟ್ಟಿದಾಗ ಬಿಸಿಲು ಇಳಿದಿತ್ತು. ಅಕ್ಕನ ಮನೆ ಹುಡುಕಿಕೊಂಡು ಹೋಗಿ, ಹೊಸ್ತಿಲು ತುಳಿಯದೆ ಹೊರಗಿನ ಕಟ್ಟೆಯ ಮೇಲೆ ಕೂತ. ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಬಾಯಿಗಿಟ್ಟ. ಸಪ್ಪಳ ಕೇಳಿ ಅಕ್ಕ ಹೊರಬಂದಳು, ಕಣ್ಣರಳಿಸಿ ನಿಂತುಬಿಟ್ಟಳು.

"ಅಯ್ಯ ಶಿವನೇ! ರೈಲು ನಿಂತತೇನೋ?"

"ಇಲ್ಲಕ್ಕ. ನಾನ ಇಳದೆ. ತಪ್ಪಾತು ನಂದು, ಆ ನಿಲುಗಡಿ ತಗದಾಂವ ನಾನ."

ಅಕ್ಕ ಅವನ ಗಲ್ಲ ಸವರಿದಳು. ಸಿಟ್ಟಿಲ್ಲದೆ, ತಿಳಿಯದ್ದನ್ನು ಕೇಳುವವಳಂತೆ ಕೇಳಿದಳು:

"ಇಷ್ಟ ವರ್ಷ ನಿಲ್ತಿತ್ತಲ್ಲ. ಆವಾಗ ಯಾಕ ಇಳೀಲಿಲ್ಲೋ ತಮ್ಮಾ? ಈ ಕಟ್ಟಿ ಆಗನೂ ಇಲ್ಲೇ ಇತ್ತು."

ಶಶಿಧರ ಕಟ್ಟೆಯ ಮೇಲೆ ಸರಿದು ಅಕ್ಕನಿಗೆ ಜಾಗ ಮಾಡಿದ. ದೂರದಲ್ಲಿ ಅವನ ರೈಲೊಂದು ಸೊಂಯ್ಯೆಂದು ಹಾದುಹೋಯಿತು.

ಇದೆಲ್ಲ ಮುಂದೆಂದೋ ನಡೆಯಬಹುದಾದ ಮಾತು. ನಮ್ಮ ಪುಣ್ಯಕ್ಕೆ, ನಮ್ಮ ರೈಲುಗಳು ಇನ್ನೂ ಸಣ್ಣ ಊರುಗಳಲ್ಲಿ ನಿಲ್ಲುತ್ತವೆ. ನಾವೋ, "ಥೂ, ಮತ್ತ ನಿಲ್ಲಿಸಿದ" ಎಂದು ಗೊಣಗುತ್ತಾ ಕಿಟಕಿ ಮುಚ್ಚುತ್ತೇವೆ.