ಬಾಯಿಗೆ ಬಂದ ಮೊದಲ ಮಾತು

ಸರ್ವಮಂಗಳ ಅಳಲಿಲ್ಲ. ಅತ್ತಿದ್ದರೆ ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು ಸದಾಶಿವಪ್ಪನವರಿಗೆ ಸಮಾಧಾನದ ಒಂದು ಮಾತು ಹೇಳಲಾದರೂ ಎಡೆ ಸಿಗುತ್ತಿತ್ತು. ಸೊರಬದಲ್ಲಿ ಅವರ ಗೆಳೆಯ ಮಾಬ್ಲೇಶ್ವರ ಹೆಗಡೆಯವರ ಜಗುಲಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತ ಆ ಹುಡುಗಿ, ಪಾಠ ಒಪ್ಪಿಸುವ ಹಾಗೆ ನಡೆದುದನ್ನೆಲ್ಲ ಹೇಳಿದಳು.

ಅವಳು ಶಿಕಾರಿಪುರದ ಜವಳಿ ವ್ಯಾಪಾರಿ ವೀರಬಸಪ್ಪನವರ ಮಗಳು. ಮೈಸೂರಿನಲ್ಲಿ ಮನಃಶಾಸ್ತ್ರದ ಎಂ.ಎ. ಕೊನೆಯ ವರ್ಷ. ರಜೆಯಲ್ಲಿ ಊರ ಜನರ ಮೇಲೆ ಒಂದು ಪ್ರಯೋಗ ಮಾಡಬೇಕಿತ್ತು. ಇವಳು ಒಂದು ಪದ ಹೇಳುವುದು, ಎದುರಿನವರು ಮೊದಲು ಬಾಯಿಗೆ ಬಂದದ್ದನ್ನು ಹೇಳುವುದು, ನಡುವಿನ ಹೊತ್ತನ್ನು ಸ್ಟಾಪ್‌ವಾಚು ಅಳೆಯುವುದು. ಆ ವಾಚು ವಿಶ್ವವಿದ್ಯಾನಿಲಯದ್ದು, ವಿದೇಶದ್ದು. ಈಗ ಇನ್ನೊಂದನ್ನು ತರಿಸುತ್ತೇನೆಂದರೂ ಸರ್ಕಾರ ಆಮದಿಗೆ ಬಿಡದು. ಅದು ಮನೆಯ ಗೂಡಿನಿಂದ ಕಾಣೆಯಾಗಿತ್ತು.

"ಬರಿಗೈಯಲ್ಲಿ ಹೋದ್ರೆ ನನ್ನ ಪರೀಕ್ಷೆಗೆ ಕೂರಿಸಲ್ಲ ಸಾರ್. ಅಪ್ಪಾಜಿ, ಹೋದ್ರೆ ಹೋತು ಬಿಡವ್ವ, ಓದಿದ್ದು ಸಾಕು ಅಂತಾರೆ."

ಆ ಬೆಳಿಗ್ಗೆ ತಂದೆಯವರು ಅವಲಕ್ಕಿ ತಿನ್ನುತ್ತಲೇ ಅವಳ ಪದಗಳಿಗೆ ಉತ್ತರ ಹೇಳಿದ್ದರಂತೆ. ಮುಗಿದ ಮೇಲೆ ವಾಚನ್ನು ಗೂಡಿನಲ್ಲಿಟ್ಟು ತಾಯಿಯ ಜೊತೆ ಹಿತ್ತಲಿಗೆ ಹೋಗಿದ್ದಳು. ಬರುವಷ್ಟರಲ್ಲಿ ಗೂಡು ಖಾಲಿ. ಒಳಗಿದ್ದವರು ತಂದೆ ಮತ್ತು ಅಡುಗೆಯ ದ್ಯಾಮಮ್ಮ. ಅಂಗಡಿಯ ಗುಮಾಸ್ತ ಮಾಸ್ತಪ್ಪ ಕೀಲಿಕೈಗೆಂದು ಬಂದು ಹೋಗಿದ್ದ. ಮೂವರ ಮೇಲೂ ಅವಳು ಕೈಗಡಿಯಾರ ಹಿಡಿದು ಮತ್ತೆ ಪ್ರಯೋಗ ಮಾಡಿದ್ದಳು. 'ಗಡಿಯಾರ' ಎಂದಾಗ ಗಂಡಸರಿಬ್ಬರೂ 'ಹೊತ್ತು' ಎಂದು ಥಟ್ಟನೆ ಹೇಳಿದರು. ದ್ಯಾಮಮ್ಮ ಮಾತ್ರ ಬಾಯಿ ತೆರೆದವಳು ಮುಚ್ಚಿ, ಸೆರಗು ಹಿಂಡಿ, ಬಹಳ ತಡೆದು 'ಗೋಡೆ' ಎಂದಳು. ಮನಸ್ಸಿನಲ್ಲಿ ಅಡಗಿಸಿದ್ದು ಇದ್ದರೆ ಉತ್ತರ ತಡವಾಗುತ್ತದೆಂದು ಅವಳು ಓದಿದ್ದಳು. ಸಾಲದ್ದಕ್ಕೆ ದ್ಯಾಮಮ್ಮನ ಗಂಡನಿಗೆ ಶಿರಾಳಕೊಪ್ಪದಲ್ಲಿ ಗಡಿಯಾರ ರಿಪೇರಿ ಅಂಗಡಿ. ಆದರೂ ಅವಳ ಪೆಟ್ಟಿಗೆಯಲ್ಲಾಗಲಿ, ಗಂಡನ ಅಂಗಡಿಯಲ್ಲಾಗಲಿ ಏನೂ ಸಿಗಲಿಲ್ಲ.

ಇಂಥ ತೊಡಕು ಬಿಡಿಸುವುದಕ್ಕೆ ಹೆಸರಾದ ನಿವೃತ್ತ ವಕೀಲ ಹೆಗಡೆಯವರು ಎಲೆಅಡಿಕೆಯ ಕವಳ ಜಗಿಯುತ್ತ, "ನಾಳೆ ಬರ್ತೇವೆ" ಎಂದರು. ಅಷ್ಟೆ.

ಮರುದಿನ ಮೊದಲ ಬಸ್ಸು. ಸದಾಶಿವಪ್ಪನವರಿಗೆ ಸ್ನಾನವಾಗಿತ್ತು, ಪೂಜೆಗೆ ಹೊತ್ತಿರಲಿಲ್ಲ. ಶಿರಾಳಕೊಪ್ಪದಲ್ಲಿ ಸಂತೆಯ ಮೂಟೆಗಳನ್ನು ಹೇರುತ್ತ ಬಸ್ಸು ನಿಂತೇಬಿಟ್ಟಿತು. ತಮ್ಮ ತಂದೆ ಬೆಳಗಿನ ಜಾವ ಹಾಡಿಕೊಳ್ಳುತ್ತಿದ್ದ ಪದ್ಯಗಳನ್ನು ಅವರು ಮನಸ್ಸಿನಲ್ಲೇ ಹೇಳಿಕೊಂಡರು. ಅರ್ಧಕ್ಕೆ ಹಸಿವು ಸಾಲುಗಳನ್ನು ನುಂಗಿತು.

ಶಿಕಾರಿಪುರದಲ್ಲಿ ಅವರ ತಾಳ್ಮೆ ಇನ್ನಷ್ಟು ಸವೆಯಿತು. ಹೆಗಡೆಯವರು ಗೂಡನ್ನು ಮುಟ್ಟಿಯೂ ನೋಡಲಿಲ್ಲ. ಮಾಸ್ತಪ್ಪನೊಡನೆ ಸೀರೆಗಳ ದರ ಮಾತಾಡಿದರು. ಅವನು ಹೊಸ್ತಿಲು ದಾಟಿರಲಿಲ್ಲವೆಂದು ಹಿತ್ತಲಿಂದ ನೋಡಿದ್ದ ಸರ್ವಮಂಗಳಳ ತಾಯಿಯೇ ಹೇಳಿದರು. ಹೆಗಡೆಯವರು ದ್ಯಾಮಮ್ಮನನ್ನು ಕರೆದು, "ನಿಮ್ಮ ಯಜಮಾನರ ಹೆಸರೆಂತ?" ಎಂದು ಕೇಳಿದರು. ಅತ್ತು ಕಣ್ಣು ಊದಿದ್ದ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಮಾಸ್ತಪ್ಪನ ಕಡೆ ನೋಡಿದಳು. "ಉಚ್ಚಂಗಪ್ಪ ರೀ," ಎಂದ ಅವನು. ಇದನ್ನು ಕೇಳಲು ಸೊರಬದಿಂದ ಬರಬೇಕಿತ್ತೇ ಎಂದು ಸದಾಶಿವಪ್ಪನವರಿಗೆ ರೇಗಿತು.

ವೀರಬಸಪ್ಪನವರು ಕೈ ಜೋಡಿಸಿ ಹೇಳಿದರು: "ಆ ಹೊತ್ನಾಗೆ ನಾನು ಲಿಂಗಪೂಜೆಗೆ ಕುಂತಿದ್ದೆ ರೀ. ಕಣ್ಣು ಮುಚ್ಚಿದವ್ನಿಗೆ ಏನು ಕಾಣ್ತತಿ?"

ಅವರು ಒಳಗೆ ಹೋದ ಮೇಲೆ ಕಾಫಿ ಬಂತು. ಸದಾಶಿವಪ್ಪನವರು ಲೋಟ ಸರಿಸಿದರು. ಹೆಗಡೆಯವರು ಅದನ್ನೂ ಎತ್ತಿಕೊಂಡು, "ಎಂತ ಮಾರಾಯ್ರೆ, ಮುನಿಸೋ?" ಎಂದರು.

"ಪೂಜೆ ಆಗದೆ ನೀರೂ ಗಂಟಲಿಗೆ ಇಳಿಯಲ್ಲ. ನಿಮ್ಗೆ ಗೊತ್ತಿಲ್ವೆ?"

"ಈ ಮನೆಯವ್ರೂ ಹಾಗೆಯೋ?"

"ಮಠದಲ್ಲಿ ನೋಡಿ ಬಲ್ಲೆ, ವೀರಬಸಪ್ಪ ನನಗಿಂತ ಬಿಗಿ. ಮೊದಲು ಲಿಂಗ, ಆಮೇಲೆ ಅನ್ನ. ಒಮ್ಮೆ ಉಂಡರೆ ಇನ್ನು ಸಂಜೆಯ ಪೂಜೆಯೇ."

ಹೆಗಡೆಯವರು ಲೋಟವನ್ನು ಕೆಳಗಿಟ್ಟು, "ನೀವು ಪೂಜೆ, ಊಟ ಮುಗಿಸಿ. ಆಮೇಲೆ ಎಲ್ಲರೂ ಕೂತ್ಕೊಳ್ಳೋಣ," ಎಂದರು.

ಊಟದ ನಂತರ ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ದ್ಯಾಮಮ್ಮ ಕಂಬದ ಮರೆಯಲ್ಲಿ ನಿಂತಿದ್ದಳು.

"ತಂಗಿ, ನಿನ್ನ ಪ್ರಯೋಗ ಸರಿ," ಎಂದರು ಹೆಗಡೆಯವರು. "ಅಡಗಿಸಿದ್ದು ಇದ್ದಾಗ ಮಾತು ತಡೀತದೆ. ಆದ್ರೆ ಅಡಗಿಸಿದ್ದೆಲ್ಲ ಕಳ್ಳತನ ಅಲ್ಲ. ಗಡಿಯಾರ ಅಂದ ಕೂಡಲೇ ಗಡಿಯಾರ ರಿಪೇರಿಯವನ ಹೆಂಡತಿಗೆ ಯಾರ ಹೆಸರು ಬಾಯಿಗೆ ಬರ್ಬೇಕು? ಆ ಹೆಸರನ್ನ ಆಕೆ ನಾನು ಕೇಳಿದಾಗಲೂ ಹೇಳ್ಲಿಲ್ಲ, ಜನ್ಮದಲ್ಲಿ ಹೇಳುವವಳಲ್ಲ. ಅದನ್ನ ನುಂಗಿ ಗೋಡೆಯನ್ನ ಹುಡುಕಲಿಕ್ಕೆ ಹೊತ್ತು ಹಿಡೀತು."

ಸರ್ವಮಂಗಳ ತಲೆ ತಗ್ಗಿಸಿದಳು.

"ಮಾಸ್ತಪ್ಪ ಹೊಸ್ತಿಲಾಚೆ. ಉಳಿದವರು ಒಬ್ರೇ. ಬೆಳಿಗ್ಗೆಯೇ ನಿನ್ನ ಪದಗಳಿಗೆ ಉತ್ತರ ಹೇಳಿ ರೂಢಿಯಾಗಿತ್ತು, ಅದಕ್ಕೇ 'ಹೊತ್ತು' ಅನ್ನೋದು ತಡೀದೆ ಬಂತು. ಅವ್ರು ಪೂಜೆಗೆ ಕೂತಿದ್ದೆ ಅಂದ್ರು. ಅದಕ್ಕೆ ಮೊದಲೇ ಮಗಳ ಎದುರಿಗೆ ಅವಲಕ್ಕಿ ತಿಂದಾಗಿತ್ತು. ನಮ್ಮ ಸದಾಶಿವಪ್ಪನವ್ರು ಒಂದು ಲೋಟ ಕಾಫಿ ಬಿಟ್ಟದ್ದಕ್ಕೆ ನನಗೆ ಇದು ತಿಳೀತು. ತಿಂದ ಮೇಲೆ ಎಂತ ಪೂಜೆ? ಸುಳ್ಳು ಹೇಳಿ ರೂಢಿ ಇಲ್ಲದವ್ರನ್ನ ಎಲ್ಲಿದ್ರಿ ಅಂತ ಕೇಳಿದ್ರೆ, ಅವ್ರಿಗೂ ಮೊದಲು ಬಾಯಿಗೆ ಬರೋದು ದಿನಾ ಕೂರುವ ಜಾಗವೇ. ಮನೆಯೆಲ್ಲ ಹುಡುಕಿದ್ರಿ, ದೇವರ ಕೋಣೆಗೆ ಯಾರೂ ಕೈ ಹಾಕ್ಲಿಲ್ಲ."

ವೀರಬಸಪ್ಪನವರು ಎದ್ದು ಒಳಗೆ ಹೋಗಿ, ಮಡಿಪಂಚೆಯಲ್ಲಿ ಸುತ್ತಿದ್ದ ವಾಚನ್ನು ತಂದು ಮಗಳ ಮುಂದಿಟ್ಟರು. ಶಿವನ ಹೊತ್ತನ್ನು ಸುಳ್ಳಿಗೆ ಬಳಸಿದನಲ್ಲ ಎಂದು ಸದಾಶಿವಪ್ಪನವರು ಮುಖ ತಿರುಗಿಸಿದರು.

"ಮಠದಾಗೆ ಎಲ್ಲಾರ ಮುಂದೆ, ನನ್ನ ಮಗಳನ್ನ ಎಷ್ಟು ಬೇಕೋ ಅಷ್ಟು ಓದಿಸ್ತೀನಿ ಅಂದಿದ್ದೆ," ಎಂದರು ವೀರಬಸಪ್ಪ. "ಈಗ ಗಂಡಿನ ಕಡೆಯೋರು, ಮನಸ್ಸು ಓದೋ ಹುಡುಗಿ ನಮಗೆ ಬ್ಯಾಡ ಅಂದು ಹೋಗ್ತಾರೆ. ನಾನಾಗೇ ಓದು ಬ್ಯಾಡವ್ವ ಅನ್ನಾಕೆ ನನಗೆ ನಾಲಗಿ ಏಳ್ಲಿಲ್ಲ. ತಾನಾಗೇ ನಿಂತ್ರೆ ನಿಲ್ಲಲಿ ಅಂದ್ಕೊಂಡೆ. ದ್ಯಾಮಮ್ಮನ ತಲಿಗೆ ಬರ್ತತಿ ಅಂತ ಅನ್ಕೊಂಡಿರ್ಲಿಲ್ಲ."

"ಬಂದ ಮೇಲೂ ಸುಮ್ನೆ ಇದ್ರಿ," ಎಂದಳು ಸರ್ವಮಂಗಳ.

ಅವಳು ಎದ್ದು ದ್ಯಾಮಮ್ಮನ ಕಾಲು ಮುಟ್ಟಿದಳು. ದ್ಯಾಮಮ್ಮ ಕಾಲು ಹಿಂದೆಳೆದುಕೊಂಡು, "ಪೆಟ್ಟಿಗಿ ಕೆದರಿದ್ದು ಕೆದರಿದಂಗೇ ಐತಿ. ಬಂದು ಜೋಡ್ಸಿಕೊಡು," ಎಂದಳು.

"ಬರ್ತೀನಿ," ಎಂದು ಸರ್ವಮಂಗಳ ವಾಚಿಗೆ ಕೀಲಿ ಕೊಟ್ಟಳು. ತಂದೆಯ ಎದುರು ಕುಳಿತಳು.

"ಅಪ್ಪಾಜಿ, ಒಂದೇ ಪದ. ಮೈಸೂರು."

ಗುಂಡಿ ಒತ್ತಿದಳು. ಮುಳ್ಳು ಒಂದು ಸುತ್ತು ಬಂತು. ವೀರಬಸಪ್ಪನವರು ಮಗಳನ್ನು ನೋಡಿದರು, ನೆಲ ನೋಡಿದರು, ದೇವರ ಕೋಣೆಯ ಬಾಗಿಲು ನೋಡಿದರು. ಮುಳ್ಳು ಮತ್ತೊಂದು ಸುತ್ತಿಗೆ ಹೊರಟಿತು. ಹೇಳಪ್ಪ, ಹೇಳು, ಎಂದು ಸದಾಶಿವಪ್ಪನವರ ತುಟಿ ತಾನಾಗಿಯೇ ಆಡಿತು.

"ಬಸ್ಸು," ಎಂದರು ವೀರಬಸಪ್ಪ. "ನಾಳೆ ಬೆಳಿಗ್ಗೆ ಬಸ್ಸು. ನಾನೇ ಹತ್ತಿಸ್ತೀನಿ."

ಅವಳು ಗುಂಡಿ ಒತ್ತಿ ಮುಳ್ಳನ್ನು ನಿಲ್ಲಿಸಿದಳು. ಎಷ್ಟು ಹೊತ್ತು ಹಿಡಿಯಿತೆಂದು ನೋಡದೆ, ವಾಚನ್ನು ಆ ಮಡಿಪಂಚೆಯಲ್ಲೇ ಸುತ್ತಿಕೊಂಡು, ದ್ಯಾಮಮ್ಮನ ಪೆಟ್ಟಿಗೆ ಜೋಡಿಸಲು ಒಳಗೆ ಹೋದಳು.