ಬಣ್ಣ ತಪ್ಪಿದ ತೇಪೆ

ಜಗತ್ತಿಗೆ ಕಣ್ಣಾಗಿ ದಿನವೂ ಮೂಡಿಬರುವ ಸವಿತೃದೇವನಿಗೆ ಮೊದಲ ವಂದನೆ. ಕಬ್ಬಿಣವನ್ನು ಮೇಣದಂತೆ ಮಿದುವಾಗಿಸುವ ಅಗ್ನಿಗೆ, ಶಿಕಾರಿಪುರದ ಕೆರೆಯಂಚಿನ ಹುಚ್ಚರಾಯಸ್ವಾಮಿಗೆ, ದಂಡಾವತಿಯ ದಡದಲ್ಲಿ ನೆಲೆಸಿದ ಸೊರಬದ ರಂಗನಾಥನಿಗೆ ನಮಸ್ಕಾರ. ಇವರ ಅನುಗ್ರಹದಿಂದ ಈ ಪ್ರಕರಣವನ್ನು ನಡೆದ ಕ್ರಮದಲ್ಲಿಯೇ ನಿರೂಪಿಸುತ್ತೇನೆ.

ನವೆಂಬರ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಶಿಕಾರಿಪುರ ಗ್ರಾಮಾಂತರ ಠಾಣೆಯ ಮೆಟ್ಟಿಲನ್ನು ಕಂಬಳಿ ಹೊದ್ದ ಒಬ್ಬ ಗೃಹಸ್ಥ ಏರಿ ಬಂದ. ಅವನ ಕಂಕುಳಲ್ಲಿ ಒಂದು ಕುರಿಮರಿ ಇತ್ತು. ಅದರ ಮೂಗಿನ ಮೇಲೆ ಅರಿಸಿನ ಮೆತ್ತಿತ್ತು.

"ಸಾಹೇಬ್ರ, ಈ ಮರಿ ಕಾರಿನ ನೆಲದಾಗಿಂದ ರಸ್ತೆಗೆ ಬಿತ್ರಿ."

ಹೆಡ್ ಕಾನ್ಸ್‌ಟೇಬಲ್ ರಾಜು ಎತ್ತಿದ ಪೆನ್ನನ್ನು ಹಾಗೆಯೇ ಹಿಡಿದು ಕೇಳಿದ: "ಬಾಗ್ಲಾಗಿಂದ ಅಂತ ಬರ್ಕೊಳ್ಳಲೇನು?"

"ಬಾಗ್ಲಾಗಿಂದ ಬಿದ್ರ ನಿಮ್ಮತ್ರ ಯಾಕ ಬರ್ಲಿರಿ? ನೆಲದಾಗಿಂದ! ಮರಿ ಹಿಂದೇನ ನಮ್ಮವ್ವನ ಕಾಲೂ ಹೋತು."

ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಶಾಂತವೀರಪ್ಪ ಎದ್ದು ಹೊರಗೆ ಬಂದರು. ಬಂದವನು ಧರ್ಮಪ್ಪ, ಉಡುತಡಿಯ ಹತ್ತಿರ ಹೊಲವನ್ನೂ ಕುರಿಹಟ್ಟಿಯನ್ನೂ ಇಟ್ಟುಕೊಂಡವನು. ಹಿಂದಿನ ತಿಂಗಳು ಸೊರಬದ ತೀರ್ಥೇಶ್ ಎಂಬವನಿಂದ ಹಳೆಯ ಅಂಬಾಸಿಡರ್ ಕಾರೊಂದನ್ನು ಕೊಂಡಿದ್ದ. ಸೋಮವಾರ ಸಂಜೆ ತಾಯಿ ಹನುಮಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಆಕೆಯ ಕಾಲ ಬಳಿ ಮರಿಯನ್ನು ಮಲಗಿಸಿ ಬರುತ್ತಿದ್ದಾಗ ಕಾರಿನ ನೆಲವೇ ಕುಸಿದಿತ್ತು.

"ತುಕ್ಕು ಹಿಡಿದದ್ದು ನಿನಗೆ ಗೊತ್ತಿತ್ತೇನು?"

"ತುಕ್ಕು ಇತ್ತು, ಎಲ್ಲಾ ಕೊಯ್ದು ಹೊಸಾ ತಗಡು ವೆಲ್ಡ್ ಮಾಡ್ಸೀನಿ ಅಂದಿದ್ದ ಆ ಪುಣ್ಯಾತ್ಮ. ಮ್ಯಾಲೆ ನೋಡಿದ್ರ ಮದುಮಗಳ ಗಲ್ಲ ಇದ್ದಂಗಿತ್ರಿ."

ತೀರ್ಥೇಶನ ವಿರುದ್ಧ ವಂಚನೆ ಮತ್ತು ಪ್ರಾಣಾಪಾಯ ತರುವ ಕೃತ್ಯದ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಹನುಮಮ್ಮ, ಪೊಲೀಸರನ್ನು ಕಂಡೊಡನೆ ಕೇಳಿದ ಮೊದಲ ಮಾತು ಮರಿಯ ಯೋಗಕ್ಷೇಮ. ಆಮೇಲೆ ಹೇಳಿಕೆ ಕೊಟ್ಟಳು: "ನಡಕೊಂತ ಹೋಗಾಕ ಆಗಲ್ಲ ಅಂತ ಕಾರು ತಂದ ನನ್ನ ಮಗ. ಕಾರಿನಾಗೂ ನಡಸಿದ ನೋಡ್ರಿ!" ನಗುತ್ತಿದ್ದವಳ ಮುಖ ನೋವಿನಿಂದ ಮುರುಟಿತು. ಹಿಮ್ಮಡಿಯ ಎಲುಬು ಒಡೆದಿತ್ತು. ಇನ್ನು ಕುರಿಯ ಹಿಂದೆ ಹೋಗುವುದು ಸಂಶಯ ಎಂದು ವೈದ್ಯರು ಹೊರಗೆ ಹೇಳಿದರು.

ಹನ್ನೊಂದು ಗಂಟೆಗೆ ಉಡುತಡಿ ರಸ್ತೆಯ ಬದಿಯಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಬಿಳಿಯ ಕಾರು. ಎಡಗಡೆಯ ಹಿಂಬಾಗಿಲ ಕೆಳಗೆ, ನೆಲ ಮತ್ತು ಹೊರಮೈ ಕೂಡುವಲ್ಲಿ, ಒಂದು ಮೊರದಷ್ಟು ಅಗಲ ಬಾಯ್ದೆರೆದಿತ್ತು. ಕಾನ್ಸ್‌ಟೇಬಲ್ ಬಿಂದುಶ್ರೀ ಠಾಣೆಯ ಕೆಟ್ಟ ಧ್ವನಿವರ್ಧಕದಿಂದ ಬಿಚ್ಚಿ ತಂದಿದ್ದ ಆಯಸ್ಕಾಂತವನ್ನು ಕಾರಿನ ಮೈಗೆ ಹಿಡಿದಳು. ಬಾಗಿಲಿಗೆ ಅದು ಟಪ್ಪೆಂದು ಅಂಟಿತು. ಕೆಳಗೆ ತಂದಂತೆ ಹಿಡಿತ ಕಳೆದುಕೊಂಡು ಮಣ್ಣಿಗೆ ಬಿತ್ತು. ಕೆರೆದು ನೋಡಿದರೆ ತಗಡೇ ಇಲ್ಲ: ತಂತಿಬಲೆ, ಅದರ ಮೇಲೆ ಗೋಣಿಯ ತುಂಡು, ಅದರ ಮೇಲೆ ತಗ್ಗು ಮುಚ್ಚಿ ನಯ ಮಾಡುವ ಪುಟ್ಟಿಯ ಬೆರಳು ದಪ್ಪದ ಲೇಪ. ಒಳಗಡೆ ಎಲ್ಲವನ್ನೂ ಮರೆಮಾಚುವಂತೆ ಡಾಂಬರು ಬಳಿದಿತ್ತು. ಸುತ್ತಲಿನ ತುಕ್ಕು ತಿಂದ ಅಂಚು ಹಾಗೆಯೇ ಉಳಿದು, ಹಪ್ಪಳದಂತೆ ಮುರಿಯುತ್ತಿತ್ತು.

"ಮಾರಿದೋನೇ ಮೋಸ ಮಾಡ್ಯಾನ ಸಾರ್, ಇದ್ರಾಗ ಇನ್ನೇನೈತಿ?" ಎಂದ ರಾಜು.

ಶಾಂತವೀರಪ್ಪ ಕಾರಿನ ಪಕ್ಕ ಮಂಡಿಯೂರಿದರು. ಒಡೆಯದೆ ಉಳಿದಿದ್ದ ಪುಟ್ಟಿಯ ಭಾಗದ ಮೇಲೆ ಅಂಗೈ ಇಟ್ಟು, ಏಕೋ ಕಣ್ಣು ಮುಚ್ಚಿಕೊಂಡು, ಮೆಲ್ಲಗೆ ಸವರಿದರು. ಎಲ್ಲಿ ಮೂಲ ಲೋಹ ಮುಗಿಯಿತು, ಎಲ್ಲಿ ತೇಪೆ ತೊಡಗಿತು ಎಂಬುದು ಕೈಗೆ ತಿಳಿಯಲೇ ಇಲ್ಲ. ಆ ಬಾಗು ನೀರಿನ ಮೇಲೆ ಕೈಯಾಡಿಸಿದಂತೆ ಹರಿದುಹೋಯಿತು.

ಅದರೊಡನೆ ನಲವತ್ತು ವರ್ಷಗಳ ಹಿಂದಿನ ಸೊರಬವೂ ಹರಿದು ಬಂತು. ಅವರ ತಂದೆ ಕುಪ್ಪಗಡ್ಡೆಯ ಡ್ರೈವರ್ ವೀರಬಸಪ್ಪ. ಸುತ್ತಲಿನ ಊರುಗಳ ಮದುವೆಯ ದಿಬ್ಬಣವೂ ಬಸುರಿಯರ ಆಸ್ಪತ್ರೆಯ ದಾರಿಯೂ ಅವರ ಕಾರಿನಲ್ಲೇ. ಮಳೆಗಾಲ ಕಳೆದೊಡನೆ ಆ ಕಾರು ಆನವಟ್ಟಿ ರಸ್ತೆಯ ಒಂದು ತಗಡಿನ ಶೆಡ್ಡಿಗೆ ಹೋಗಿ, ಅಭ್ಯಂಗಕ್ಕೆ ಕುಳಿತ ಮಗುವಿನಂತೆ ನಿಲ್ಲುತ್ತಿತ್ತು. ಅಲ್ಲಿ ಟಿಂಕರ್ ಮಂಜಪ್ಪ ಕಾರಿನ ಮೈಯನ್ನು ಸುತ್ತಿಗೆಯಿಂದ ಮುಟ್ಟುತ್ತ ಬರುತ್ತಿದ್ದ. ಗಟ್ಟಿ ಲೋಹ ಘಂಟೆಯಂತೆ ನುಡಿಯುತ್ತಿತ್ತು, ತುಕ್ಕು ಹಿಡಿದದ್ದು ಕೆಮ್ಮುತ್ತಿತ್ತು. ಕೆಮ್ಮಿದಲ್ಲೆಲ್ಲ ಹೊಳೆಯುವ ಲೋಹ ಕಾಣುವವರೆಗೆ ಕೊಯ್ದು ತೆಗೆದು, ಹೊಸ ತಗಡನ್ನು ಬಡಿದು ಬಾಗಿಸಿ ಬೆಸೆಯುತ್ತಿದ್ದ. ಕೊನೆಯಲ್ಲಿ, ಮೂಲೆಯಲ್ಲಿ ನಿಂತ ಡ್ರೈವರನ ಮಗನನ್ನು ಕರೆದು ಅವನ ಪುಟ್ಟ ಕೈಯನ್ನು ತನ್ನ ಒರಟು ಕೈಯೊಳಗೆ ಹಿಡಿದು ಸವರಿಸುತ್ತಿದ್ದ. "ಕಣ್ಣು ಮುಚ್ಚು ಮರಿ. ಕಣ್ಣಿಗೆ ಹೊಳಪು ಕಂಡ್ರೆ ಸಾಕು, ಒಪ್ಪಿಬಿಡ್ತದೆ. ಕೈ ಹಂಗೆಲ್ಲ ಒಪ್ಪಲ್ಲ." ಪ್ರೈಮರ್ ಬಣ್ಣದ ವಾಸನೆ, ಕಾದ ತಗಡಿನ ವಾಸನೆ, ಮಂಜಪ್ಪನ ಹೆಂಡತಿ ವನಜಮ್ಮ ತಂದುಕೊಡುತ್ತಿದ್ದ ಬೆಲ್ಲದ ಕಾಫಿಯ ವಾಸನೆ, ಮೂರೂ ಕೂಡಿ ಇನ್‌ಸ್ಪೆಕ್ಟರರ ಮೂಗಿಗೆ ಬಂದವು.

ಆ ಬಾಗು ಅದೇ ಕೈಯದು. ಆದರೆ ಒಳಗಿನ ಕೆಲಸ ಆ ಕೈಯದಾಗಿರಲು ಸಾಧ್ಯವಿರಲಿಲ್ಲ.

ಅಷ್ಟರಲ್ಲಿ ಬಿಂದುಶ್ರೀ ಎರಡು ಹೆಜ್ಜೆ ಹಿಂದೆ ಸರಿದು ನಿಂತು ಹೇಳಿದಳು: "ಸಾರ್, ಇಷ್ಟು ನಯ ಮಾಡೋರು ಬಣ್ಣದಲ್ಲಿ ತಪ್ತಾರಾ? ಕಾರು ಬಿಳಿ. ಈ ತೇಪೆ ಕೆನೆಹಳದಿ. ದೂರದಿಂದ್ಲೇ ಕಾಣ್ತಿದೆ."

ಶಾಂತವೀರಪ್ಪ ಕಣ್ಣು ತೆರೆದು ನೋಡಿದರು. ಹೌದು. ಬಣ್ಣದ ಡಬ್ಬಿಯನ್ನು ಬಿಸಿಲಿಗೊಡ್ಡಿ, ಒಂದು ಎಳೆ ವ್ಯತ್ಯಾಸಕ್ಕೆ ಅಂಗಡಿಗೆ ಹಿಂದಿರುಗಿಸುತ್ತಿದ್ದ ಮಂಜಪ್ಪನನ್ನು ಅವರು ಬಲ್ಲರು. ಇದು ಯಾರೋ ಶಿಷ್ಯನ ಕೆಲಸವಾಗಿರಲಿ ಎಂದು ಮನಸ್ಸಿನಲ್ಲೇ ಹಾರೈಸಿಕೊಂಡರು.

ಮಧ್ಯಾಹ್ನ ಸೊರಬದಲ್ಲಿ ಗೊಬ್ಬರದ ಅಂಗಡಿಯಲ್ಲಿದ್ದ ತೀರ್ಥೇಶನನ್ನು ಪ್ರಶ್ನಿಸಿದರು.

"ರಿಪೇರಿ ಮಾಡಿದ್ದು ಯಾರು?"

"ಮಂಜಣ್ಣ ಸಾರ್. ಟಿಂಕರ್ ಮಂಜಣ್ಣ. ಬೇರೆಯವ್ರ ಹತ್ರ ನಾನು ಕೊಡೋದೇ ಇಲ್ಲ."

"ಕೆಲಸ ನಡೆಯುವಾಗ ನೋಡಿದೆಯಾ?"

"ಅವ್ರು ಮಾಡೋದನ್ನ ನಿಂತು ನೋಡೋದಾ? ನಮ್ಮಪ್ಪನೂ ನೋಡಿರ್ಲಿಲ್ಲ ಮಾರಾಯ್ರೆ. ವೆಲ್ಡ್ ಆಗಿದೆ ಅಂದ್ರು, ಗಾಡಿ ತಗೊಂಡು ಬಂದೆ."

"ಬಣ್ಣ ಬೇರೆಯಾದದ್ದು ಕಾಣಲಿಲ್ಲವೇ?"

ತೀರ್ಥೇಶ ತಲೆ ತಗ್ಗಿಸಿದ. "ಕಾಣ್ತು ಸಾರ್. ಆದ್ರೆ ಅಂಥೋರಿಗೆ ಹೋಗಿ ನಿಮ್ಮ ಬಣ್ಣ ತಪ್ಪಿದೆ ಅನ್ನಕ್ಕೆ ನಾಲಿಗೆ ಏಳ್ಲಿಲ್ಲ. ಊರಲ್ಲಿ ಯಾರೂ ಅನ್ನಲ್ಲ."

ಮೂರು ಗಂಟೆಗೆ ಪೊಲೀಸ್ ಜೀಪು ಆನವಟ್ಟಿ ರಸ್ತೆಯ ಶೆಡ್ಡಿನ ಮುಂದೆ ನಿಂತಿತು. ಅದೇ ಶೆಡ್ಡು. ಅದೇ ಹುಣಸೆಯ ಮರ. ಅದರ ಕೊಂಬೆಗೆ ತೂಗುಹಾಕಿದ ಹಳೆಯ ಬಂಪರು ಕೂಡ ಅಲ್ಲೇ ಇತ್ತು. ಒಳಗೆ ಎಪ್ಪತ್ತು ದಾಟಿದ ಮಂಜಪ್ಪ ಒಂದು ಬಾಗಿಲನ್ನು ತೊಡೆಯ ಮೇಲಿಟ್ಟು ಮರಳುಕಾಗದದಿಂದ ಉಜ್ಜುತ್ತಿದ್ದ. ಖಾಕಿ ತೊಟ್ಟ ಮೂವರು ಅವನಿಂದ ಮಾರು ದೂರದಲ್ಲಿ, ಹಗಲಿನ ತುಂಬು ಬೆಳಕಿನಲ್ಲಿ ನಿಂತರು. ಶಾಂತವೀರಪ್ಪನವರ ಟೋಪಿಯ ಲಾಂಛನ ಬಿಸಿಲಿಗೆ ಹೊಳೆಯುತ್ತಿತ್ತು.

ಮಂಜಪ್ಪ ಮುಖವೆತ್ತಿ, ಅತ್ಯಂತ ಆದರದಿಂದ ನಕ್ಕ.

"ಬನ್ನಿ ಬನ್ನಿ. ಯಾವ ಗಾಡಿ ತಂದೀರಿ? ಸದ್ದು ಕೇಳಿದ್ರೆ ಡೀಸೆಲ್ ಜೀಪು. ಮದ್ವೆ ಸಾಮಾನು ಹೊರೋದಾ?"

ರಾಜು ನಗಲು ಬಾಯಿ ತೆರೆದವನು ಮುಚ್ಚಿಕೊಂಡ. ಬಿಂದುಶ್ರೀ ಇನ್‌ಸ್ಪೆಕ್ಟರರ ಮುಖವನ್ನು ನೋಡಿದಳು. ಬಾಗು ತಪ್ಪದ ಕೈ, ತಪ್ಪಿದ ಬಣ್ಣ, ಇಲ್ಲದ ಬೆಸುಗೆ, ಮೂರಕ್ಕೂ ಉತ್ತರ ಆ ನಗುಮುಖದ ಮೇಲೆ ಬರೆದಿತ್ತು. ಕೈಗೆ ಬಾಗು ತಿಳಿಯುತ್ತದೆ. ಬಣ್ಣ ತಿಳಿಯುವುದಿಲ್ಲ. ಬೆಸೆಯುವ ಬೆಂಕಿಯ ತುದಿಯನ್ನು ಕೂದಲೆಳೆಯ ಸಂದಿನಲ್ಲಿ ನಡೆಸಲು ಕಣ್ಣೇ ಬೇಕು.

ಅಡುಗೆಮನೆಯಿಂದ ಓಡಿಬಂದ ವನಜಮ್ಮ ಖಾಕಿಯನ್ನು ಕಂಡು ಸೆರಗು ಬಾಯಿಗೆ ಹಿಡಿದಳು. "ಇವ್ರೇ, ಪೊಲೀಸ್ರು..." ಎಂದವಳು, ತಕ್ಷಣ ದನಿ ಬದಲಿಸಿ, "ಅವ್ರಿಗೆ ಕಣ್ಣು ಚೆನ್ನಾಗೇ ಕಾಣ್ತದೆ ಸ್ವಾಮಿ! ಬಿಸಿಲಿಗೆ ನಿಂತೀರಲ್ಲ, ಅದಕ್ಕೆ" ಎಂದಳು. ಕೇಳದ ಪ್ರಶ್ನೆಗೆ ಅವಳು ಉತ್ತರ ಕೊಟ್ಟಾಗಿತ್ತು.

"ಮಂಜಣ್ಣ," ಎಂದರು ಶಾಂತವೀರಪ್ಪ. "ತೀರ್ಥೇಶನ ಅಂಬಾಸಿಡರ್ ಕಾರಿನ ನೆಲ ಕುಸಿದಿದೆ. ಒಬ್ಬ ಮುದುಕಿಯ ಕಾಲು ಮುರಿದಿದೆ."

ಮರಳುಕಾಗದ ಕೈಯಿಂದ ಜಾರಿತು. ಆದರೆ ಮಂಜಪ್ಪ ಮೊದಲು ಹೇಳಿದ್ದು ಬೇರೆಯ ಮಾತು. "ಈ ದನಿ... ಕುಪ್ಪಗಡ್ಡೆ ವೀರಬಸಪ್ಪಂದು. ನೀನು ಅವನ ಮಗ ಅಲ್ದಾ? ಬಾ ಮರಿ, ಕೂತ್ಕೋ."

"ಕೂರಲು ಬಂದಿಲ್ಲ. ಇಂಥ ತೇಪೆ ಹಾಕಿದ್ದು ಇನ್ನೆಷ್ಟು ಗಾಡಿಗೆ?"

ಮಂಜಪ್ಪ ಜಾರಿದ ಮರಳುಕಾಗದಕ್ಕಾಗಿ ನೆಲ ತಡವಿದ.

"ಮಂಜಣ್ಣ, ಕಾಲು ಮುರಿದವಳು ನಿಧಾನವಾಗಿ ಹೋಗುತ್ತಿದ್ದ ಕಾರಿನಲ್ಲಿದ್ದಳು. ಮುಂದಿನವರು ಹಾಗಿರುತ್ತಾರೆಂದು ಯಾರು ಹೇಳಿದರು?"

"ಇನ್ನೊಂದೇ," ಎಂದ ಮಂಜಪ್ಪ ಕೊನೆಗೆ. ದನಿ ನೆಲಕ್ಕಿಳಿದಿತ್ತು. "ಪವಿತ್ರನ ವ್ಯಾನು. ದೀಪಾವಳಿ ಆದ್ಮೇಲೆ ಮಾಡಿಕೊಟ್ಟೆ."

"ಯಾವ ಪವಿತ್ರ?"

ಉತ್ತರ ಬಂದದ್ದು ವನಜಮ್ಮನಿಂದ. "ಕ್ಯಾಸನೂರು ಕಡೆ ಮಕ್ಕಳನ್ನ ಶಾಲೆಗೆ ಕರ್ಕೊಂಡು ಬರ್ತಾಳಲ್ಲ, ಅವಳು." ಹೇಳಿ ಅಲ್ಲೇ ಕುಸಿದು ಕುಳಿತಳು.

ರಾಜು ಅವಳಿಂದ ಪವಿತ್ರಳ ನಂಬರು ಕೇಳಿ ಫೋನು ಕಿವಿಗೆ ಹಿಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಶಾಲೆ ಬಿಡುವ ಹೊತ್ತು ಹತ್ತಿರವಾಗಿತ್ತು. "ನನ್ನೂ ಕರ್ಕೊಂಡು ಹೋಗು ಮರಿ," ಎಂದು ಮಂಜಪ್ಪ ಎದ್ದು ನಿಂತ. "ಎಲ್ಲಿ ಅಂತ ನಾನೇ ತೋರಿಸ್ಬೇಕು. ನಿಮಗೆ ಸಿಗಲ್ಲ."

ಜೀಪು ಶಾಲೆಯ ಗೇಟಿಗೆ ತಿರುಗುವಾಗ ವ್ಯಾನು ಮಕ್ಕಳನ್ನು ತುಂಬಿಕೊಂಡು ಹೊರಟೇಬಿಟ್ಟಿತ್ತು. ರಾಜು ಜೀಪನ್ನು ಅದರ ಮೂತಿಗೆ ಅಡ್ಡ ನಿಲ್ಲಿಸಿದ. ಸ್ಟಿಯರಿಂಗ್ ಹಿಡಿದಿದ್ದ ಪವಿತ್ರ ತಲೆ ಹೊರಹಾಕಿ, "ಏನ್ರೀ ಇದು, ಮಕ್ಕಳ ಗಾಡಿಗೆ ಅಡ್ಡ ಬರದಾ?" ಎಂದು ರೇಗಿದಳು. ಬಿಂದುಶ್ರೀ ಮಾತಾಡದೆ ಬಾಗಿಲು ತೆರೆದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎತ್ತಿ ಇಳಿಸಿದಳು.

ಮಂಜಪ್ಪ ವ್ಯಾನಿನ ಮೈ ಸವರುತ್ತ ಒಳಗೆ ಬಗ್ಗಿ, ರಬ್ಬರ್ ಹಾಸನ್ನು ಸರಿಸಿ, ಒಂದೆಡೆ ಅಂಗೈ ಊರಿದ. "ಇಲ್ಲಿ."

ರಾಜು ಲಾಠಿಯ ತುದಿಯನ್ನು ಅಲ್ಲಿಟ್ಟು ಒತ್ತಿದ. ಲಾಠಿ ಅರ್ಧದವರೆಗೆ ಇಳಿದು ರಸ್ತೆಯನ್ನು ಮುಟ್ಟಿತು. ಇದು ಯಾವುದೋ ಆಟವೆಂದು ತಿಳಿದ ಮಕ್ಕಳು ಕೈತಟ್ಟಿ ನಕ್ಕರು. "ನನ್ನ ಜಾಗ ಅದು! ನಾನು ಅಲ್ಲೇ ಕಾಲಿಡೋದು!" ಎಂದು ಒಂದು ಹುಡುಗಿ ಹೆಮ್ಮೆಯಿಂದ ಕೂಗಿದಳು.

ಆ ದನಿ ಬಂದ ದಿಕ್ಕಿಗೆ ಮಂಜಪ್ಪನ ಮುಖ ತಿರುಗಿತು.

"ಮಂಜಣ್ಣ ಮಾಡಿದ್ದು ಅಂದ್ರೆ ನಾನು ಬಗ್ಗಿ ನೋಡ್ಲೂ ಇಲ್ವಲ್ಲ ಸಾರ್," ಎಂದು ಪವಿತ್ರ ಬಿಕ್ಕಿದಳು. "ಬಣ್ಣ ಬೇರೆ ಅನ್ನಿಸ್ತು. ಕೇಳಿದ್ರೆ ನೊಂದ್ಕೊತಾರೆ ಅಂತ..."

ಬಂಧಿಸುವವನು ಬಂಧಿತನ ದೇಹವನ್ನು ಮುಟ್ಟಬೇಕೆಂಬುದು ಕಾನೂನಿನ ವಿಧಿ. ಸಂಜೆ ನಾಲ್ಕು ಇಪ್ಪತ್ತಕ್ಕೆ, ಶಾಲೆಯ ಗೇಟಿನ ಮುಂದೆ, ಶಾಂತವೀರಪ್ಪ ಕೈ ನೀಡಿ ಮಂಜಪ್ಪನ ಕೈಯನ್ನು ಹಿಡಿದರು. ಒಮ್ಮೆ ತಮ್ಮ ಕೈಯನ್ನು ಇಡಿಯಾಗಿ ನುಂಗಿದ್ದ ಆ ಅಂಗೈ ಈಗ ಅವರ ಮುಷ್ಟಿಯೊಳಗೆ ಅಡಗಿತು. "ನಿಮ್ಮನ್ನು ದಸ್ತಗಿರಿ ಮಾಡಿದ್ದೇನೆ," ಎಂದರು. ಕಾರಣವನ್ನೂ ವಿಧಿಯಂತೆ ತಿಳಿಸಿದರು.

"ಮಾಡ್ಬೇಕಾದ್ದೇ ಮರಿ," ಎಂದ ಮಂಜಪ್ಪ. "ಇಷ್ಟು ವರ್ಷದಲ್ಲಿ ಬಗ್ಗಿ ನೋಡಿದೋನು ನೀನೊಬ್ಬನೇ."

ಠಾಣೆಯಲ್ಲಿ ಅವನ ಹೇಳಿಕೆಯನ್ನು ರಾಜು ಬರೆದುಕೊಂಡ. ಮೂರು ವರ್ಷದಿಂದ ಕಣ್ಣಿನ ನರ ಒಣಗುತ್ತ ಬಂದಿತ್ತು. ಶಸ್ತ್ರಚಿಕಿತ್ಸೆಯಿಂದಲೂ ಮರಳದು ಎಂದು ಶಿವಮೊಗ್ಗದ ವೈದ್ಯರು ಹೇಳಿದ್ದರು. ವಿಷಯ ವನಜಮ್ಮನೊಬ್ಬಳಿಗೇ ಗೊತ್ತು. ಹೊಟ್ಟೆಬಟ್ಟೆಗೆ ಮಗಳು ಮಾಲಾ ಕೊರತೆ ಮಾಡಿರಲಿಲ್ಲ.

"ಹಾಗಾದರೆ ಕೆಲಸ ಯಾಕೆ ಒಪ್ಪಿಕೊಂಡಿರಿ? ಒಬ್ಬ ವೆಲ್ಡರನ್ನಾದರೂ ಇಟ್ಟುಕೊಳ್ಳಬಹುದಿತ್ತು," ಎಂದರು ಶಾಂತವೀರಪ್ಪ.

"ಇಟ್ಕೊಂಡ್ರೆ ಊರಿಗೆ ಗೊತ್ತಾಗ್ತಿತ್ತು." ಮಂಜಪ್ಪ ತನ್ನ ಬೆರಳುಗಳನ್ನು ತಾನೇ ಸವರಿಕೊಂಡ. "ಬೆಳಿಗ್ಗೆ ಒಂದು ಗಾಡಿ ಬಂದು ಶೆಡ್ ಮುಂದೆ ನಿಲ್ತದೆ. 'ಮಂಜಣ್ಣ ಇದಾರಾ?' ಅಂತ ಕೇಳ್ತಾರೆ. ಇದೀನಿ ಅಂತೀನಿ. ಅಷ್ಟೇ ಮರಿ. ಇಲ್ಲ ಅನ್ನಕ್ಕೆ ಬರ್ಲಿಲ್ಲ ನಂಗೆ. ಒಂದು ಮಳೆಗಾಲ ತಡೀತದೆ ಅಂದ್ಕೊಂಡೆ. ತುಕ್ಕು ತಡಿಯಲ್ಲ ಅಂತ ನನಗಿಂತ ಯಾರಿಗೆ ಗೊತ್ತಿತ್ತು?"

ರಾಜು ಬರೆಯುವುದನ್ನು ನಿಲ್ಲಿಸಿದ್ದ. ಶಾಂತವೀರಪ್ಪ, "ಬರಿ," ಎಂದರು. "ಎಲ್ಲವನ್ನೂ ಬರಿ."

ತೀರ್ಥೇಶನ ಮೇಲೆ ದೋಷವಿಲ್ಲವೆಂದು ತನಿಖಾ ವರದಿಯಲ್ಲಿ ನಮೂದಾಯಿತು. ಮರುದಿನ ಬೆಳಿಗ್ಗೆ ನ್ಯಾಯಾಲಯಕ್ಕೆ ಹೊರಡುವ ಹೊತ್ತು. ಬಿಂದುಶ್ರೀ ಮಂಜಪ್ಪನ ತೋಳು ಹಿಡಿದು ಜೀಪಿನ ಬಳಿಗೆ ತಂದಳು. ಹತ್ತುವ ಮುನ್ನ ಅವನ ಕೈ ಅಭ್ಯಾಸಬಲದಿಂದ ಜೀಪಿನ ಮೈಯ ಮೇಲೆ ಹರಿದು, ಬಾಗಿಲ ಕೆಳಗೊಂದೆಡೆ ನಿಂತಿತು. ಉಗುರಿನಿಂದ ಮೆಲ್ಲನೆ ತಟ್ಟಿ ಕಿವಿಗೊಟ್ಟ.

"ಇಲ್ಲಿ ಶುರುವಾಗಿದೆ ಮರಿ. ಮುಂದಿನ ಮಳೆಯೊಳಗೆ ಕೊಯ್ಸಿ ಹಾಕು." ತಡೆದು ಮತ್ತೆ ಹೇಳಿದ: "ಕಣ್ಣಿರೋರ ಹತ್ರ ಮಾಡ್ಸು."

ಶಾಂತವೀರಪ್ಪ ಬಗ್ಗಿ ನೋಡಿದರು. ಬಣ್ಣ ಹಾಗೆಯೇ ಹೊಳೆಯುತ್ತಿತ್ತು, ಏನೂ ಕಾಣಲಿಲ್ಲ. ಅವರು ಕಣ್ಣು ಮುಚ್ಚಿ, ಅದೇ ಜಾಗದಲ್ಲಿ ಅಂಗೈ ಇಟ್ಟರು.

ಈ ಕತೆಯನ್ನು ಕೇಳಿದವರ ಕಣ್ಣಿಗೆ ಸವಿತೃದೇವನು ಬೆಳಕಾಗಿ ನಿಲ್ಲಲಿ. ಬೆಳಕು ತಗ್ಗಿದ ಹೊತ್ತಿನಲ್ಲಿ, ತಗ್ಗಿತೆಂದು ಹೇಳುವ ಧೈರ್ಯ ನಾಲಿಗೆಗೆ ಬರಲಿ; ಹೇಳಿದವರ ಕೈ ಹಿಡಿಯಲು ಒಂದು ಕೈ ಬಳಿಯಲ್ಲಿರಲಿ. ಹನುಮಮ್ಮನ ಹೆಜ್ಜೆ ಗಟ್ಟಿಯಾಗಲಿ, ಮಕ್ಕಳ ಕಾಲ ಕೆಳಗಿನ ನೆಲ ಭದ್ರವಾಗಿರಲಿ. ಎಲ್ಲರಿಗೂ ಮಂಗಳವಾಗಲಿ.