ಪೂಲ್‌ಗೆ ಮರಳದ ನಂಬರ್

ಗುರುವಾರ ಬೆಳಿಗ್ಗೆ ದರ್ಜಿ ಕೆಲಸದ ಹೆಂಗಸೊಬ್ಬರು ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ ಹನ್ನೊಂದರ ಸುಮಾರಿಗೆ ಅವರ ಗಂಡನಿಗೆ ಎದೆನೋವು ಬಂದಿತ್ತು. ಆಂಬುಲೆನ್ಸಿಗೆ ಎಷ್ಟು ಸಲ ಫೋನ್ ಮಾಡಿದರೂ ಒಂದು ರಿಂಗಾಗಿ ಸದ್ದಡಗುತ್ತಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

"ನಂಗೆ ಪರಿಹಾರ ಗಿರಿಹಾರ ಬೇಡ ಮೇಡಂ. ಆ ಲೈನ್ ಯಾರು ಸಾಯಿಸಿದ್ರು, ಅಷ್ಟು ಹೇಳಿ," ಎಂದರು.

ಇನ್‌ಸ್ಪೆಕ್ಟರ್ ಎಫ್ಐಆರ್ ದಾಖಲಿಸಿ, ದಫೇದಾರನನ್ನು ಕರೆದುಕೊಂಡು ಆಂಬುಲೆನ್ಸ್ ಕರೆಗಳನ್ನು ನಿಭಾಯಿಸುವ ಕಚೇರಿಗೆ ಹೋದರು. ಅಲ್ಲಿನ ಮ್ಯಾನೇಜರ್ ಆರೋಪಿಯನ್ನು ತಟ್ಟೆಯಲ್ಲಿಟ್ಟು ಕೊಡಲು ತಯಾರಾಗಿಯೇ ಕುಳಿತಿದ್ದ.

"ಹೊಸ ಹುಡುಗಿ ಮೇಡಂ. ನಿನ್ನೆ ಹೊಸ ಸರ್ವರ್ ಹಾಕಿದ್ಲು, ಪೂಲ್‌ನಿಂದ ತಪ್ಪು ನಂಬರ್ ಕೊಟ್ಟಿದ್ದಾಳೆ. ಸ್ಕ್ರೀನ್ ಮೇಲೆ ಅವಳ ಹೆಸರೇ ಇದೆ, ನೋಡಿ."

"ಪೂಲ್ ಅಂದ್ರೆ? ಈಜುಕೊಳಾನಾ?" ಎಂದ ದಫೇದಾರ. ಯಾರೂ ನಗಲಿಲ್ಲ, ಪಾಪ, ಅವನು ನಿಜವಾಗಿಯೇ ಕೇಳಿದ್ದ.

ಅಷ್ಟರಲ್ಲಿ ಮೇಲಧಿಕಾರಿಯ ಫೋನ್ ಬಂತು. ಹೆಸರು ಸಿಕ್ಕಿದೆಯಂತೆ, ಸಂಜೆಯೊಳಗೆ ಹುಡುಗಿಯನ್ನು ಒಳಗೆ ಹಾಕಿ. ಮೇಲಿನವರಿಗೆ ಎಲ್ಲವೂ ಸಂಜೆಯೊಳಗೇ ಆಗಬೇಕು. ಒಂದು ಸಾವಿನ ಹೊಣೆ ಹೊತ್ತು ಜೈಲಿಗೆ ಹೋಗುವ ಹುಡುಗಿಯ ಗತಿ ಏನೆಂದು ಕೇಳುವ ಪುರುಸೊತ್ತು ಅವರಿಗೆ ಎಲ್ಲಿಯದು!

ಇನ್‌ಸ್ಪೆಕ್ಟರ್ ಮೊದಲು ಹಿರಿಯ ತಂತ್ರಜ್ಞರೊಬ್ಬರನ್ನು ಕರೆಸಿದರು. ಎಲ್ಲರಿಗೂ ಕೆಲಸ ಕಲಿಸಿದವರೆಂದು ಕಚೇರಿಯವರು ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಹುಡುಗಿ ಅವರ ತಂಗಿಯ ಮಗಳು, ಅವಳನ್ನು ಇಲ್ಲಿಗೆ ಸೇರಿಸಿದ್ದೂ ಅವರೇ.

"ನಿಮ್ಮ ಸೊಸೆ ತಪ್ಪು ಮಾಡಿದ್ದಾಳಾ?"

"ಹುಡುಗಿ ತಾನೇ ಮೇಡಂ, ಗಾಬರಿಯಾಗಿರುತ್ತೆ. ಎರಡ್ರಲ್ಲಿ ಒಂದನ್ನ ಆಫ್ ಮಾಡಿದ್ರೆ ಸಾಕಿತ್ತು."

ಇನ್‌ಸ್ಪೆಕ್ಟರ್ ತಲೆಯಾಡಿಸಿ ಕಳಿಸಿದರು. ಆಮೇಲೆ ಹುಡುಗಿ ಬಂದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು.

"ಪೂಲ್ ಅಂದ್ರೆ ಏನಮ್ಮಾ? ನಮ್ಮಂಥವರಿಗೆ ತಿಳಿಯೋ ಹಾಗೆ ಹೇಳು."

"ನೆಟ್‌ವರ್ಕಲ್ಲಿ ಪ್ರತಿ ಸರ್ವರ್‌ಗೂ ಒಂದು ಗುರುತಿನ ನಂಬರ್ ಬೇಕು ಮೇಡಂ. ಯಂತ್ರದ ಸ್ವಂತ ನಂಬರ್ ಬಳಸಲ್ಲ. ಒಂದಿಷ್ಟು ನಂಬರ್ ಒಟ್ಟಿಗೆ ಇಟ್ಟಿರ್ತೀವಿ, ಅದೇ ಪೂಲ್. ಅಲ್ಲಿಂದ ತೆಗೆದು ಕೊಡೋದು. ಯಂತ್ರ ಹಳೇದಾದ್ರೆ ನಂಬರ್ ವಾಪಸ್ ಪೂಲ್‌ಗೆ ಬರುತ್ತೆ, ಮುಂದಿನ ಯಂತ್ರಕ್ಕೆ ಹೋಗುತ್ತೆ."

"ಬಸ್ ಸೀಟಿನ ಹಾಗೆ," ಎಂದ ದಫೇದಾರ. "ಒಬ್ಬ ಇಳಿದ್ರೆ ಇನ್ನೊಬ್ಬ ಕೂರ್ತಾನೆ."

"ಹೂಂ ಸಾರ್. ಆಂಬುಲೆನ್ಸ್ ಸರ್ವರ್‌ಗೆ ಪೂಲ್ ಕೊಟ್ಟ ನಂಬರನ್ನೇ ಹಾಕಿದೆ. ಸ್ವಲ್ಪ ಹೊತ್ತು ಚೆನ್ನಾಗಿತ್ತು. ಆಮೇಲೆ ಕರೆಗಳೆಲ್ಲ ಎಲ್ಲಿ ಹೋಗ್ತಿದ್ವೋ ಗೊತ್ತಾಗ್ಲಿಲ್ಲ. ಸರ್ವರ್ ಆಫ್ ಮಾಡಿ ಆನ್ ಮಾಡಿ ಸಾಕಾಯ್ತು. ಅರ್ಧ ಗಂಟೆ ಆದ್ಮೇಲೆ ತಾನಾಗೇ ಸರಿಹೋಯ್ತು."

"ತಾನಾಗೇ ಸರಿಹೋಗೋದು ನೆಗಡಿ ಮಾತ್ರ ಕಣಮ್ಮಾ. ಅದೇ ನಂಬರ್ ಇನ್ನೊಂದು ಯಂತ್ರಕ್ಕೂ ಇದ್ದಿದ್ರೆ?"

"ಎರಡಕ್ಕೂ ಜಗಳ ಹತ್ಕೊಂಡು ಲೈನ್ ಸಾಯುತ್ತೆ. ಆದ್ರೆ ಸ್ಕ್ರೀನಲ್ಲಿ ಒಂದೇ ಇತ್ತು ಮೇಡಂ, ನಾನೇ ನೋಡಿದೆ. ಆ ನಂಬರಿದ್ದ ಹಳೇ ಯಂತ್ರ ಕಳಚಿ ಸ್ಟೋರ್‌ರೂಮಲ್ಲಿಟ್ಟು ತಿಂಗಳಾಯ್ತು."

ಇನ್‌ಸ್ಪೆಕ್ಟರ್ ದಫೇದಾರನತ್ತ ತಿರುಗಿದರು. "ಇಡೀ ಕಚೇರಿ ಒಂದು ಸರ್ವರ್ ಕೆಡ್ತು ಅಂತಿದೆ. ಎರಡು ಅಂದೋರು ಒಬ್ಬರೇ ಅಲ್ವೇನ್ರೀ?"

ಮಧ್ಯಾಹ್ನ ಇಬ್ಬರು ಪಂಚರ ಎದುರು ಸ್ಟೋರ್‌ರೂಮಿನ ಪಂಚನಾಮೆ ನಡೆಯಿತು. ಮೂಲೆಯಲ್ಲಿದ್ದ ಹಳೆಯ ಯಂತ್ರಗಳ ಮೇಲೆಲ್ಲ ಧೂಳು, ಒಂದರ ಸ್ವಿಚ್ಚಿನ ಸುತ್ತ ಮಾತ್ರ ಬೆರಳುಗಳು ಧೂಳು ಒರೆಸಿದ ಗುರುತು. ಅದಕ್ಕೆ ಸಿಕ್ಕಿಸಿದ್ದ ಕೇಬಲ್ ಗೋಡೆಯ ನೆಟ್‌ವರ್ಕ್ ಕಿಂಡಿಗೆ ಹೋಗಿತ್ತು. ಕೇಬಲ್ ಕಿತ್ತು, ಯಂತ್ರ ಆನ್ ಮಾಡಿಸಿ ನೋಡಿದರೆ ಅದೇ ನಂಬರ್.

"ಇದಕ್ಕೆ ನಂಬರನ್ನ ಕೈಯಿಂದ ಹಾಕಿದ್ದಾರೆ," ಎಂದಳು ಹುಡುಗಿ. "ಕೈಯಿಂದ ಹಾಕಿದ್ದನ್ನ ಪೂಲ್ ವಾಪಸ್ ಕಿತ್ಕೊಳ್ಳೋಕಾಗಲ್ಲ. ಬಂತು ಅಂತ ಲೆಕ್ಕಕ್ಕೆ ತಗೊಂಡಿರುತ್ತೆ, ಅಷ್ಟೇ. ಇಲ್ಲಿ ಕೈಯಿಂದ ಹಾಕೋರು..." ಸ್ಟೋರ್‌ರೂಮಿನ ಕೀ ಯಾರ ಕೈಗೆ ಕೊಟ್ಟಿದ್ದೆ ಎಂದು ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆ ಸ್ಟೋರಿನವನು, "ನಿನ್ನೆ ಮೇಷ್ಟ್ರು ಇಸ್ಕೊಂಡಿದ್ರಲ್ಲ," ಎಂದುಬಿಟ್ಟ. ಮುಚ್ಚಿಡಬೇಕಾದ್ದು ಏನಾದರೂ ಇದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಮೇಷ್ಟ್ರು ವಾದಿಸಲಿಲ್ಲ.

"ಆ ನಂಬರ್ ಆಂಬುಲೆನ್ಸಿಗೆ ಹೋಗಿದೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಮಾಡಿದ್ರಿ?"

"ತಿಂಗಳ ಕೊನೆಗೆ ಮನೆಗೆ ಹೋಗಿ ಅಂದ್ರು. ಇಲ್ಲಿರೋ ಒಂದೊಂದು ಯಂತ್ರಕ್ಕೂ ನಂಬರ್ ಕೊಟ್ಟೋನು ನಾನು ಮೇಡಂ. ಇನ್ಮೇಲೆ ಎಲ್ಲಾ ಪೂಲ್ ನೋಡ್ಕೊಳ್ಳುತ್ತೆ ಅಂದ್ರು. ಹೊಟ್ಟೆ ಉರೀತು. ಲೈನ್ ಸತ್ತ ಕೂಡ್ಲೇ ಮೇಷ್ಟ್ರನ್ನ ಕರೀರಿ ಅಂತ ಕೂಗ್ತಾರೆ, ಎರಡು ನಿಮಿಷದಲ್ಲಿ ಸರಿ ಮಾಡ್ಕೊಡ್ತೀನಿ, ಅಂದ್ಕೊಂಡಿದ್ದೆ. ಫೋನ್ ಮುಂದಿಟ್ಕೊಂಡು ಕ್ಯಾಂಟೀನಲ್ಲಿ ಕೂತೆ. ಎಲ್ರೂ ಓಡಾಡ್ತಿದ್ರು. ಒಬ್ರೂ ಕರೀಲಿಲ್ಲ. ಕೊನೆಗೆ ನಾನೇ ಹೋಗಿ ಹಳೇ ಯಂತ್ರ ಆಫ್ ಮಾಡ್ದೆ."

"ಅರ್ಧ ಗಂಟೆ, ಮೇಷ್ಟ್ರೇ."



ಸಂಜೆ ಅವರನ್ನು ಬಂಧಿಸಿ ಜೀಪಿಗೆ ಕರೆದೊಯ್ಯುವಾಗ ಹುಡುಗಿ ಬಾಗಿಲಿಗೆ ಅಡ್ಡ ನಿಂತಳು. "ನಿಮ್ಮ ನಂಬರ್ ಒತ್ತಿದ್ದೆ ಮಾವ. ರಿಂಗಾಗೋಕೆ ಮುಂಚೆ ಕಟ್ ಮಾಡ್ದೆ. ಒಂದ್ಸಲನಾದ್ರೂ ನಿಮ್ಮನ್ನ ಕೇಳದೆ ಸರಿ ಮಾಡಿ, ನಿಮ್ಮ ಬಾಯಲ್ಲಿ ಶಭಾಷ್ ಅನ್ನಿಸ್ಕೋಬೇಕು ಅಂತಿತ್ತು." ದಫೇದಾರ ಮೇಷ್ಟ್ರ ತೋಳು ಹಿಡಿದು ಜೀಪು ಹತ್ತಿಸಿದ.

ದಾರಿಯಲ್ಲಿ ಇನ್‌ಸ್ಪೆಕ್ಟರ್ ದರ್ಜಿಯವರ ಮನೆಯ ಮುಂದೆ ಇಳಿದರು. ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳಲು ಅವರಿಗೆ ಮನಸ್ಸು ಬರಲಿಲ್ಲ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಹೆಂಗಸು ಹೊಲಿಗೆಯಂತ್ರದ ಮುಂದೆ ಕೂತು ಪೂರ್ತಿ ಕೇಳಿಸಿಕೊಂಡರು.

"ಫೋನ್ ಬರ್ಲಿ ಅಂತ ಕಾಯ್ತಾ ಕೂತಿದ್ರಾ ಆ ಯಪ್ಪ?" ಎಂದರು ಕೊನೆಗೆ. "ಅಯ್ಯೋ, ನಾನು ಮಾಡ್ತಾನೇ ಇದ್ನಲ್ಲ ಮೇಡಂ."